ನೀವೂ ನಮ್ಮನ್ನು ಕರೆಯಬೇಕು

ತಾರಾಯ್ವಿನಿ ನನ್ನ ಸೋದರಮಾವನ ಮಗಳು. ನಮ್ಮ ಫಿಜಿಯಲ್ಲಿ ಸೋದರಮಾವನ ಮಗಳ ಜೊತೆ ಯಾರಾದರೂ ಮರ್ಯಾದೆಯಿಂದ ಮಾತಾಡಿದರೆ ಇವನಿಗೆ ಜ್ವರವೇನೋ ಅಂತ ಜನ ಹಣೆ ಮುಟ್ಟಿ ನೋಡುತ್ತಾರೆ. ನಾವಿಬ್ಬರೂ ಚಿಕ್ಕಂದಿನಿಂದ ಒಬ್ಬರನ್ನೊಬ್ಬರು ಹಂಗಿಸಿಕೊಂಡೇ ಬೆಳೆದವರು. ಹಾಗಾಗಿ ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕೆಂದರೆ ನನ್ನ ನಾಲಿಗೆ ತಡವರಿಸುತ್ತದೆ. ಆದರೂ ಹೇಳುತ್ತೇನೆ. ಸಮುದ್ರ ಇಳಿದಿದೆ, ಅವಳು ಚಿಪ್ಪು ಆರಿಸಲು ಹೆಂಗಸರ ಜೊತೆ ಹವಳದ ದಂಡೆಗೆ ಹೋಗಿದ್ದಾಳೆ, ಕೇಳಿಸಿಕೊಳ್ಳುವ ಭಯವಿಲ್ಲ.

ನಾನು ಅಪಿಸಾಯಿ, ವುನಿಡಿಲೊ ಊರಿನ ದೋಣಿಯವನು. ಪೇಟೆಯಿಂದ ನಮ್ಮೂರಿಗೆ ಬರುವ ಪಾದ್ರಿ, ಸಕ್ಕರೆ ಮೂಟೆ, ನೆಂಟರು, ಹಂದಿಮರಿ ಎಲ್ಲವೂ ನನ್ನ ದೋಣಿಯಲ್ಲೇ ಬರಬೇಕು. ಆಸ್ಟ್ರೇಲಿಯಾದ ಕಾಲೇಜು ಹುಡುಗ ಹುಡುಗಿಯರನ್ನು ಮೊದಲ ಸಲ ನಮ್ಮೂರಿಗೆ ತಂದು ಇಳಿಸಿದವನೂ ನಾನೇ. ಅವರು ಸೇವೆ ಮಾಡಲು ಬಂದವರು. ಸೇವೆ ಮಾಡುತ್ತಾ ಪಾಠ ಕಲಿಯುವುದು, ಅದಕ್ಕೆ ಕಾಲೇಜಿನಲ್ಲಿ ಅಂಕವೂ ಉಂಟಂತೆ. ಮೊದಲ ವರ್ಷ ಅವರ ಜೊತೆ ಬಂದ ಮೇಷ್ಟ್ರು ನಮ್ಮೂರಿಗೊಂದು ಪುಸ್ತಕದ ಮನೆ, ಅಂದರೆ ಲೈಬ್ರರಿ, ಕಟ್ಟಲು ನಕ್ಷೆಯನ್ನು ತಮ್ಮ ಊರಿನಲ್ಲೇ ಬರೆಸಿಕೊಂಡು ಬಂದಿದ್ದರು. ಹಲಗೆ, ಮೊಳೆ, ನೀಲಿ ತಗಡು, ಎಲ್ಲ ಸಿದ್ಧ. ಚರ್ಚಿನ ಹಿಂದಿನ ಬಯಲು ತೋರಿಸಿ, "ಇಲ್ಲಿ ಕಟ್ಟಬಹುದಾ?" ಅಂತ ಕೇಳಿದರು. ನಮ್ಮೂರ ದೊಡ್ಡವರಾದ ರಾತು ಎಪೆಲಿ, "ಆಗಲಿ" ಅಂದರು. ಮನೆಗೆ ಬಂದವರು ಕೈ ಚಾಚಿ ಏನಾದರೂ ಕೇಳಿದರೆ ಆಗಲಿ ಅನ್ನದೆ ಇನ್ನೇನು ಅನ್ನುತ್ತಾರೆ?

ಆ ಬಯಲು ಹೆಂಗಸರು ಕೇದಗೆ ಗರಿ ಒಣಹಾಕುವ ಜಾಗ. ಮುಳ್ಳು ತೆಗೆದು, ಬೇಯಿಸಿ, ಬಿಸಿಲಿಗೆ ಹರವಿ, ಬಿಳಿಚಿದ ಮೇಲೆ ಸೀಳಿ ಚಾಪೆ ಹೆಣೆಯುತ್ತಾರೆ. ಊರಲ್ಲಿ ಗಾಳಿಗೆ ಮರೆಯಾಗಿ, ಇಡೀ ದಿನ ಬಿಸಿಲು ಬೀಳುವ ಜಾಗ ಅದೊಂದೇ. ಹುಡುಗರು ಮೊದಲ ದಿನ ಗುಂಡಿ ತೋಡಿದಾಗ ತಾರಾ ತನ್ನ ಗರಿಯನ್ನು ಒಂದು ಪಕ್ಕಕ್ಕೆ ಎಳೆದುಕೊಂಡಳು. ಹಲಗೆ ರಾಶಿ ಹಾಕಿದಾಗ ಇನ್ನೊಂದು ಪಕ್ಕಕ್ಕೆ ಎಳೆದಳು. ಕೊನೆಗೆ ಸುತ್ತಿ ಹೆಗಲ ಮೇಲೆ ಹೊತ್ತುಕೊಂಡು ಸಮುದ್ರದ ಬಂಡೆಗಳ ಕಡೆ ನಡೆದಳು. ಒಂದು ಹುಡುಗಿ ಓಡಿ ಬಂದು ಆ ಹೊರೆ ಹೊರಲು ನೆರವಾದಳು ಕೂಡ. ಪಾಪ, ಯಾಕೆ ಹೊರುತ್ತಿದ್ದೇವೆ ಅನ್ನುವುದು ಅವಳಿಗೇನು ಗೊತ್ತು?

ಅವರು ಹೊರಟ ದಿನ ಅವರೂ ಅತ್ತರು, ನಾವೂ ಅತ್ತೆವು. ಎರಡೂ ನಿಜವಾದ ಅಳುವೇ. ಪುಸ್ತಕದ ಮನೆಯಲ್ಲಿ ಹಿಮದ ಮೇಲೆ ಜಾರುವ ನಾಯಿಗಳ ಪುಸ್ತಕ ಇತ್ತು, ರೈಲಿನ ಪುಸ್ತಕ ಇತ್ತು. ಮಳೆಗಾಲಕ್ಕೆ ಎಲ್ಲವೂ ಉಬ್ಬಿ ಬನ್ನಿನ ಹಾಗಾದವು. ಇತ್ತ ಬಂಡೆಯ ಮೇಲೆ ಒಣಗಿದ ಗರಿಗೆ ಉಪ್ಪು ನೀರು ಹಾರಿ ಕಪ್ಪು ಕಲೆ ಬಿತ್ತು. ಆ ವರ್ಷ ಪಕ್ಕದೂರಿನ ಮದುವೆಗೆ ನಮ್ಮ ಹೆಂಗಸರು ಚಾಪೆ ಹೊತ್ತು ಹೋದಾಗ ಬೀಗರ ಕಡೆಯ ಒಬ್ಬ ಮುದುಕಿ ಬೆರಳಲ್ಲಿ ಸವರಿ ನೋಡಿ, "ವುನಿಡಿಲೊದವರು ಈಗ ಬಣ್ಣದ ಚಾಪೆ ಮಾಡ್ತಾರೇನೋ" ಅಂದಳಂತೆ. ತಾರಾ ಮನೆಗೆ ಬಂದು ಮೂರು ದಿನ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಊರಿಗೆ ಊರೇ ಸುಮ್ಮನಾದ ಹಾಗಿರುತ್ತದೆ. ಅಂಥ ಗಂಟಲು ಅವಳದು.

ಮರುವರ್ಷ ಬೇರೆ ಮೇಡಂ ಬಂದರು, ರೊಸಲಿಂಡ್ ಪೈಕ್ ಅಂತ. ಉದ್ದಕ್ಕೆ, ತೆಳ್ಳಗೆ, ಬಿಸಿಲಿಗೆ ಮೂಗಿನ ತುದಿ ಸುಲಿದಿತ್ತು. ಊರಿಗೆ ಬಂದವರು ಯಂಗೋನ ಬೇರಿನ ಕಟ್ಟು ಇಟ್ಟು ಅಪ್ಪಣೆ ಕೇಳುವುದು ಪದ್ಧತಿ. ಅದೆಲ್ಲ ಮುಗಿದು, ಬೇರು ಕುಟ್ಟಿ ನೀರಲ್ಲಿ ಕಲಸಿ, ಅದನ್ನು ಕುಡಿಯುವ ತೆಂಗಿನ ಚಿಪ್ಪು ಒಂದು ಸುತ್ತು ಬಂದ ಮೇಲೆ ರೊಸಲಿಂಡ್ ಕೇಳಿದರು, "ಈ ಸಲ ನಾವು ಏನು ಮಾಡಿದರೆ ನಿಮಗೆ ಅನುಕೂಲ?"

"ನೀವು ಏನು ಮಾಡಿದ್ರೂ ಚೆಂದವೇ" ಅಂದರು ರಾತು. ಗಂಡಸರೆಲ್ಲ ತಲೆ ಆಡಿಸಿದೆವು.

ತಾರಾ ಹೆಂಗಸರ ಜೊತೆ ಬಾಗಿಲ ಹತ್ತಿರ ಕೂತಿದ್ದಳು. ಅಲ್ಲಿಂದ ನಗುತ್ತಲೇ ಅಂದಳು, "ಏನು ಮಾಡಿದ್ರೂ ಚೆಂದ. ಹೋದ ಸಲ ನಮ್ಮ ಚಾಪೆ ಮೇಲೆ ಮನೆ ಕಟ್ಟಿದ್ರಿ. ಈ ಸಲ ಒಲೆ ಮೇಲೆ ಕಟ್ಟಿ."

ಎಲ್ಲರೂ ನಕ್ಕರು. ರೊಸಲಿಂಡ್ ನಗಲಿಲ್ಲ. ಮೊದಲು ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಗಿ ಮುಖ ಕೆಂಪಾಯಿತು. ಮಾರನೆಯ ಬೆಳಿಗ್ಗೆ ತಾರಾ ಮನೆಯ ಹಿಂದಿನ ಬಾಗಿಲಿಗೆ ಬಂದು, ತಾರಾ ಗರಿ ಸೀಳುತ್ತಿದ್ದಲ್ಲಿ ನೆಲದ ಮೇಲೆ ಕೂತರು. ನಾನು ತಾರಾಳ ಗಂಡ ವಿಲಿಕೆಸನ ಜೊತೆ ಅಲ್ಲೇ ಬಲೆ ಹೊಲಿಯುತ್ತಿದ್ದೆ.

"ನಿನ್ನೆ ನೀವು ಹೇಳಿದ್ದು ತಮಾಷೆ ಅಲ್ಲ, ಅಲ್ವಾ?" ಅಂದರು.

"ತಮಾಷೇನೇ. ನಮ್ಮಲ್ಲಿ ಬೇರೆ ಥರ ಹೇಳಕ್ಕೆ ಬರಲ್ಲ."

"ಹಾಗಾದ್ರೆ ಕಟ್ಟೋ ಮೊದಲೇ ಬೇಡ ಅನ್ನಬಹುದಿತ್ತಲ್ಲ?"

ತಾರಾ ಕೈಯಲ್ಲಿದ್ದ ಗರಿ ಕೆಳಗಿಟ್ಟಳು. "ಅಮ್ಮಾ, ನೀವು ದೂರದಿಂದ ಬಂದಿದ್ದೀರ. ಬಂದವರಿಗೆ ನಾವು ಬೇಡ ಅನ್ನಲ್ಲ. ನೀವು ನಮ್ಮ ‘ಆಗಲಿ’ ಅನ್ನೋದನ್ನ ಕೇಳಿಸ್ಕೊಳ್ಳೋದು ಕಲಿಬೇಕು. ರಾತು ನೆಲ ನೋಡ್ಕೊಂಡು ಆಗಲಿ ಅಂದ್ರೆ ಆಗಲ್ಲ ಅಂತ. ಇವನು ಇದ್ದಾನಲ್ಲ ಅಪಿ, ಇವನು ಏನಂದ್ರೂ ಲೆಕ್ಕಕ್ಕಿಲ್ಲ."

"ನಾನು ಇಲ್ಲೇ ಇದ್ದೀನಿ" ಅಂದೆ.

"ಅದಕ್ಕೇ ಹೇಳಿದ್ದು."

ಆ ವರ್ಷ ರೊಸಲಿಂಡ್ ಏನನ್ನೂ ಕಟ್ಟಿಸಲಿಲ್ಲ. ಹುಡುಗರನ್ನು ಒಂದೊಂದು ಮನೆಗೆ ಒಬ್ಬೊಬ್ಬರಂತೆ ಬಿಟ್ಟರು. ತಾರಾ ಮನೆಗೆ ಬಂದವಳು ಟೆಸ್ಸಾ, ಸುಮ್ಮನೆ ಕೂರಲು ಬಾರದ ಹುಡುಗಿ. ತೆಂಗಿನಕಾಯಿ ತುರಿಯುವುದು, ನೀರು ತರುವುದು, ಕೆಸುವಿನ ಗೆಡ್ಡೆ ಸುಲಿಯುವುದು ಅವಳ ಕೆಲಸ. ಒಂದು ದಿನ ಅವಳು ಗೋಳಾಡಿದಳು, "ನೆಯಿ, ನಾನು ನಿಮಗೆ ಸಹಾಯ ಮಾಡೋಕೆ ಬಂದೆ. ಬರೀ ತಿಂತಾ ಇದ್ದೀನಿ." ನೆಯಿ ಅಂದರೆ ನಮ್ಮಲ್ಲಿ ಅತ್ತೆ. ಊರಿನ ಅರ್ಧ ಮಕ್ಕಳಿಗೆ ತಾರಾ ಅತ್ತೆಯೇ.

"ತಿನ್ನೋದೂ ಕಲಿಬೇಕಮ್ಮ. ಕೊಟ್ಟಿದ್ದನ್ನ ಇಸ್ಕೊಳ್ಳಕ್ಕೆ ಬರದವರು ಕೊಡೋದು ಹೇಗೆ ಕಲೀತಾರೆ? ತಗೋ, ಇನ್ನೊಂದು ಚೂರು ಮೀನು."

ಹೊರಡುವ ಮುಂಚಿನ ದಿನ ತಾರಾ, ಊರಿನ ಹೆಂಗಸರ ಪರವಾಗಿ, ರೊಸಲಿಂಡ್‌ಗೆ ಮೂರು ಮಾತು ಹೇಳಿದಳು. ಏನು ಕೆಲಸ ಆಗಬೇಕು ಅನ್ನುವುದನ್ನು ನಾವೇ, ನೀವು ಇಲ್ಲದಾಗ ಕೂತು, ಗಂಡಸರು ಬೇರೆ ಹೆಂಗಸರು ಬೇರೆ ಮಾತಾಡಿ ತೀರ್ಮಾನ ಮಾಡುತ್ತೇವೆ. ಬರುವ ಹುಡುಗರು ಮೊದಲು ಮನೆಮಕ್ಕಳಾಗಿ ಇರಬೇಕು, ಕೆಲಸ ಆಮೇಲೆ. ಇವೆರಡಕ್ಕೂ ರೊಸಲಿಂಡ್ ಒಪ್ಪಿದರು.

"ಮೂರನೇದು, ನೀವೂ ನಮ್ಮನ್ನು ಕರೀಬೇಕು."

ರೊಸಲಿಂಡ್ ನಕ್ಕರು. ತಾರಾ ನಗಲಿಲ್ಲ.

"ನಿಮ್ಮ ಹುಡುಗರು ಎರಡು ಸಲ ಬಂದ್ರು. ನಮ್ಮನೇಲಿ ಮಲಗಿದ್ರು, ನಮ್ಮ ಕಷ್ಟ ನೋಡಿದ್ರು. ನಿಮ್ಮ ಕಷ್ಟ ನಾವು ಯಾವಾಗ ನೋಡೋದು? ಬರೀ ಒಂದೇ ಕಡೆಯಿಂದ ದೋಣಿ ಬರ್ತಾ ಇದ್ರೆ ಅದು ನೆಂಟಸ್ತನ ಅಲ್ಲ. ನಾವೇನು ಮೃಗಾಲಯವಾ?"

"ನಮ್ಮ ಆಫೀಸಿನಲ್ಲಿ ಅದಕ್ಕೆ ಅವಕಾಶ ಇಲ್ಲ ತಾರಾಯ್ವಿನಿ. ಹುಡುಗರನ್ನ ಕಳಿಸೋಕೆ ಮಾತ್ರ ಇದೆ."

"ಹಾಗಾದ್ರೆ ಅವಕಾಶ ಆದ ಮೇಲೆ ಬನ್ನಿ."

ದೋಣಿಯಲ್ಲಿ ಪೇಟೆಯವರೆಗೂ ರೊಸಲಿಂಡ್ ನಮ್ಮೂರಿನ ಕಡೆಗೇ ತಿರುಗಿ ಕೂತಿದ್ದರು. ನನಗೂ ಬೇಸರವೇ. ಹುಡುಗರು ಬಂದರೆ ನನ್ನ ದೋಣಿಗೆ ಎರಡು ತಿಂಗಳು ಬಿಡುವಿಲ್ಲದ ಕೆಲಸ.

ಊರಲ್ಲಿ ದೊಡ್ಡ ಗಲಾಟೆಯಾಯಿತು. ಅತಿಥಿಗಳನ್ನು ಬರಬೇಡಿ ಅನ್ನಲು ಇವಳು ಯಾರು ಅಂತ ಕೆಲವರು. ಶಾಲೆಗೆ ಸೌರ ದೀಪ ಕೊಡುತ್ತೇವೆ ಅಂದಿದ್ದರು, ಅದೂ ಹೋಯಿತು ಅಂತ ಕೆಲವರು. ನಾನಂತೂ ಬಾಯಿ ಬಿಟ್ಟೇ ಬೈದೆ, "ನಿನಗೆ ಆಸ್ಟ್ರೇಲಿಯಾ ನೋಡೋ ಆಸೆ. ಅದಕ್ಕೆ ಊರಿನ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?"

"ಹೌದು ಕಣೋ, ಕಾಂಗರೂಗೂ ನಿನಗೂ ಯಾರ ಹೊಟ್ಟೆ ದೊಡ್ಡದು ಅಂತ ನೋಡ್ಕೊಂಡು ಬರ್ತೀನಿ." ಅಷ್ಟು ಹೇಳಿ ಆಮೇಲೆ ದನಿ ಇಳಿಸಿ ಅಂದಳು, "ಅಪಿ, ನಮ್ಮ ಮಕ್ಕಳು ಏನು ನೋಡ್ಕೊಂಡು ಬೆಳೀತಿದ್ದಾರೆ ಗೊತ್ತಾ? ಕೊಡೋರು ದೋಣಿ ಇಳಿದು ಬರ್ತಾರೆ, ಇಸ್ಕೊಳ್ಳೋರು ದಡದಲ್ಲಿ ಹಾಡು ಹೇಳ್ಕೊಂಡು ನಿಂತಿರ್ತಾರೆ. ಹಾಗೇ ಬೆಳೆದ್ರೆ ಅವರು ಯಾವತ್ತಾದ್ರೂ ಯಾರಿಗಾದ್ರೂ ಕೈ ಎತ್ತಿ ಕೊಡ್ತಾರಾ?"

ನಾನು ದೋಣಿ ತೊಳೆಯಬೇಕು ಅಂತ ಎದ್ದು ಹೋದೆ. ಸೋದರಮಾವನ ಮಗಳ ಮುಂದೆ ಸೋತು ಎದ್ದು ಹೋಗುವುದು ಎಂಥ ಅವಮಾನ ಅನ್ನುವುದು ನಿಮಗೆ ಹೇಗೆ ಹೇಳಲಿ?

ಕೊನೆಗೆ ಮಾತು ರಾತು ಎಪೆಲಿ ಅವರ ಮುಂದೆ ಹೋಯಿತು. ಅವರು ಎಲ್ಲರ ಮಾತೂ ಕೇಳಿ, "ಹುಡುಗರಿಗೆ ಬೇಯಿಸಿ ಹಾಕೋರು ಹೆಂಗಸರು. ಅವರು ಆಗಲ್ಲ ಅಂದ್ರೆ ನಾನು ಮಡಕೆ ಇಡ್ತೀನಾ, ಇಲ್ಲ ನೀವು ಇಡ್ತೀರಾ?" ಅಂದರು. ಅಲ್ಲಿಗೆ ಮುಗಿಯಿತು. ಮರುವರ್ಷ ಹುಡುಗರು ಬರಲಿಲ್ಲ.

ಬಂದವರು ರೊಸಲಿಂಡ್ ಒಬ್ಬರೇ. ತಮ್ಮ ರಜೆಯಲ್ಲಿ, ತಮ್ಮ ಖರ್ಚಿನಲ್ಲಿ, ಕೈಯಲ್ಲಿ ಯಂಗೋನದ ಒಂದು ಕಟ್ಟು ಹಿಡಿದುಕೊಂಡು. ತಾರಾಳ ಮುಂದೆ ಕೂತು ಅಂದರು, "ನೀವು ಕೇಳಿದ ಕೆಲಸ ಆಗಿಲ್ಲ. ಇನ್ನೂ ಓಡಾಡ್ತಾ ಇದ್ದೀನಿ. ಆಗಿಲ್ಲ ಅಂತ ಹೇಳೋದಕ್ಕೇ ಬಂದೆ."

ತಾರಾ ಆ ಕಟ್ಟು ತೆಗೆದುಕೊಂಡು ಕಣ್ಣು ಒರೆಸಿಕೊಂಡಳು. "ನೋಡಿ, ಈಗ ನೀವು ನಮ್ಮೋರ ಥರ ಬಂದಿದ್ದೀರ" ಅಂದಳು. ಎರಡು ವಾರ ಇದ್ದು ರೊಸಲಿಂಡ್ ಒಂದು ಚಾಪೆ ಹೆಣೆದರು. ಅದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿ ಸ್ಟಿಂಗ್‌ರೇ ಮೀನಿನ ಹಾಗಿತ್ತು. ವಿಲಿಕೆಸ ಅಪರೂಪಕ್ಕೆ ಬಾಯಿ ತೆರೆದು, "ಇದರ ಮೇಲೆ ಮಲಗೋಕೆ ಮನುಷ್ಯ ಬಗ್ಗಿರಬೇಕು" ಅಂದ. ರೊಸಲಿಂಡ್ ಅದನ್ನು ಬಿಡದೆ ಸುತ್ತಿಕೊಂಡು ಊರಿಗೆ ಒಯ್ದರು.

ಅದರ ಮುಂದಿನ ಬೇಸಿಗೆಯಲ್ಲಿ ಚಂಡಮಾರುತ ಬಂತು. ಅದನ್ನು ವಿವರಿಸಲು ನನಗೆ ಇಷ್ಟವಿಲ್ಲ. ಗಾಳಿ ನಿಂತಾಗ ನಮ್ಮೂರಲ್ಲಿ ಚರ್ಚಿನ ಗೋಡೆ ಮತ್ತು ಆರೇಳು ಮನೆ ಬಿಟ್ಟರೆ ನಿಂತದ್ದು ಏನೂ ಇರಲಿಲ್ಲ. ಪುಸ್ತಕದ ಮನೆಯ ನೀಲಿ ತಗಡು ಗುಡ್ಡದ ಆಚೆ ಸಿಕ್ಕಿತು. ದೇವರ ದಯೆ, ಊರಲ್ಲಿ ಜೀವ ಹೋಗಲಿಲ್ಲ. ತಾರಾ ಮಾರನೆಯ ದಿನ ಗುಡ್ಡ ಹತ್ತಿ, ಫೋನಿಗೆ ಸಿಗ್ನಲ್ ಸಿಗುವ ಕಡೆ ನಿಂತಳು. ರೊಸಲಿಂಡ್ ಆಗಲೇ ಹತ್ತಾರು ಸಲ ಕರೆ ಮಾಡಿದ್ದರು.

"ನಾವು ಏನು ಮಾಡಲಿ ಹೇಳಿ ತಾರಾಯ್ವಿನಿ. ಹುಡುಗರೆಲ್ಲ ಬರ್ತೀವಿ ಅಂತಿದ್ದಾರೆ. ಟೆಸ್ಸಾ ಆಗಲೇ ಬ್ಯಾಗು ತುಂಬಿಟ್ಟಿದ್ದಾಳೆ."

"ಬರಬೇಡಿ" ಅಂದಳು ತಾರಾ. ನಾನು ಪಕ್ಕದಲ್ಲೇ ಇದ್ದೆ. ಜೀವನದಲ್ಲಿ ಮೊದಲ ಸಲ ಅವಳು ನೆಂಟರೊಬ್ಬರಿಗೆ ಆ ಮಾತನ್ನು ನಗದೆ, ನೇರವಾಗಿ ಹೇಳಿದ್ದನ್ನು ಕೇಳಿದೆ. "ಕುಡಿಯೋ ನೀರಿಲ್ಲ, ಮರಗೆಣಸೆಲ್ಲ ಕಿತ್ತು ಹೋಗಿದೆ. ನೀವು ಬಂದ್ರೆ ನಿಮಗೆ ಏನು ತಿನ್ನಿಸೋದು ಅಂತಾನೇ ನಾವು ಸಾಯ್ತೀವಿ. ಟಾರ್ಪಾಲು ಕಳ್ಸಿ. ಮೊಳೆ ಕಳ್ಸಿ, ತಗಡಿಗೆ ಹೊಡೆಯೋ ಮೊಳೆ. ದೊಡ್ಡ ಪಾತ್ರೆ ಕಳ್ಸಿ. ಬಟ್ಟೆ ಕಳ್ಸಬೇಡಿ."

ಆಚೆಯಿಂದ "ಆಯ್ತು" ಅನ್ನುವ ಒಂದೇ ಮಾತು.

ಟಾರ್ಪಾಲು ಬಂತು. ಮೊಳೆ ಬಂತು. ಪಾತ್ರೆ ಬಂತು. ಬೇರೇನೂ ಬರಲಿಲ್ಲ, ಒಂದು ಹಳೆಯ ಕೋಟೂ ಬರಲಿಲ್ಲ. ಸುತ್ತಲಿನ ಊರುಗಳಲ್ಲಿ ಆಗ ಎಲ್ಲೆಲ್ಲಿಂದಲೋ ಬಂದ ಉಣ್ಣೆ ಬಟ್ಟೆ, ಎತ್ತರದ ಹಿಮ್ಮಡಿಯ ಚಪ್ಪಲಿ ರಾಶಿ ಬಿದ್ದಿದ್ದವು. ಪೇಟೆಯಿಂದ ಆ ಸಾಮಾನು ತಂದವನು ನಾನೇ. ಕೇಳಿದ್ದನ್ನಷ್ಟೇ ಕಳಿಸುವುದಕ್ಕೆ ಎಷ್ಟು ತಾಳ್ಮೆ ಬೇಕು ಅಂತ ನನಗೆ ಆ ದಿನ ಹೊಳೆಯಿತು. ತಾರಾ ಅದುವರೆಗೆ ರೊಸಲಿಂಡ್ ಅವರನ್ನು ಮೇಡಂ, ಅಮ್ಮಾ ಅನ್ನುತ್ತಿದ್ದವಳು ಆ ದಿನದಿಂದ ರೊಸಾ ಅನ್ನತೊಡಗಿದಳು.

ಮರಗೆಣಸು ಮತ್ತೆ ಬೆಳೆದ ಮೇಲೆ ಅವಳೇ ಗುಡ್ಡ ಹತ್ತಿ, "ಈಗ ಬನ್ನಿ" ಅಂತ ಕರೆದಳು. ಹುಡುಗರು ಬಂದು ನಮ್ಮ ಗಂಡಸರ ಕೈಕೆಳಗೆ ಕೆಲಸ ಮಾಡಿದರು. ಊರು ಕೂತು ತೀರ್ಮಾನ ಮಾಡಿದ ಪ್ರಕಾರ ಮೊದಲು ನೀರಿನ ಕೊಳವೆ. ಆಮೇಲೆ ಚರ್ಚಿನ ಹಿಂದೆ ಹೆಂಗಸರು ಕೂತು ಹೆಣೆಯಲು ಒಂದು ಚಪ್ಪರ, ಅದೂ ಬಯಲಿನ ಅಂಚಿನಲ್ಲಿ, ಬಿಸಿಲಿಗೆ ಅಡ್ಡ ಬಾರದ ಹಾಗೆ. ಟೆಸ್ಸಾ ಈ ಸಲ ಸಹಾಯ ಸಹಾಯ ಅನ್ನಲಿಲ್ಲ. ಬಂದವಳೇ ಪಾತ್ರೆ ಎತ್ತಿಕೊಂಡು ನೀರಿಗೆ ಹೋದಳು. ಹೊರಡುವಾಗ ರೊಸಲಿಂಡ್ ಒಂದು ಸುದ್ದಿ ಹೇಳಿದರು. ಆಫೀಸಿನವರು ಕೊನೆಗೂ ಒಪ್ಪಿದ್ದಾರೆ. ಒಂದು ವರ್ಷ ಹುಡುಗರು ಇಲ್ಲಿಗೆ, ಮುಂದಿನ ವರ್ಷ ಅದೇ ಖರ್ಚಿನಲ್ಲಿ ನೀವು ಅಲ್ಲಿಗೆ.

ನಾವು ಹೊರಡಬೇಕಾದ ವರ್ಷ ಅವರ ಊರಿನ ಹೊಳೆ ಉಕ್ಕಿತು. ಮನೆಗಳ ಮಾಡಿನವರೆಗೂ ನೀರು ಬಂತಂತೆ. ಈ ಪರಿಸ್ಥಿತಿಯಲ್ಲಿ ಅತಿಥಿಗಳು ಬೇಡ, ಮುಂದಿನ ವರ್ಷ ನೋಡೋಣ ಅಂತ ಆಫೀಸಿನವರು ತಿಳಿಸಿದರು. ತಾರಾ ಗುಡ್ಡ ಹತ್ತಿದಳು.

"ರೊಸಾ, ಆಫೀಸು ಹೇಳಿದ್ದು ಗೊತ್ತಾಯ್ತು. ನಾನು ನಿನ್ನ ಕೇಳ್ತಿದ್ದೀನಿ. ನಾವು ಬಂದ್ರೆ ಹೊರೆಯಾಗ್ತೀವಾ? ಹೊರೆ ಅಂದ್ರೆ ಹೊರೆ ಅನ್ನು. ನಾನು ಬೇಜಾರು ಮಾಡ್ಕೊಳ್ಳಲ್ಲ."

ರೊಸಲಿಂಡ್ ಆ ಕಡೆ ಅಳುತ್ತಿದ್ದರು. ಅವರ ಮನೆಗೂ ನೀರು ನುಗ್ಗಿತ್ತು. ಅಳುತ್ತಲೇ ಅಂದರು, "ಬನ್ನಿ."

"ಏನು ತರಲಿ?"

"ನಿಮ್ಮ ಚಾಪೆ ತನ್ನಿ. ಇಲ್ಲಿ ಯಾರ ಮನೇಲೂ ನೆಲದ ಮೇಲೆ ಏನೂ ಉಳಿದಿಲ್ಲ."

ಆರು ಜನ ಹೆಂಗಸರು, ಜೊತೆಗೆ ನಾನು. ಹೋದ ಕಡೆ ಪದ್ಧತಿಯಂತೆ ಮಾತಾಡಲು ಒಬ್ಬ ಗಂಡಸು ಬೇಕಲ್ಲ, ಅದಕ್ಕೆ. "ಇವನ ಬಾಯಿಗೆ ಒಂದು ಕೆಲಸ ಸಿಕ್ತು" ಅಂದಳು ತಾರಾ. ವಿಮಾನ ಇಳಿದ ಮೇಲೆ ತಪಾಸಣೆಯವನು ನಮ್ಮ ಚಾಪೆ ಸುರುಳಿಯನ್ನೆಲ್ಲ ಬಿಚ್ಚಿ, ಹುಳ ಇದೆಯೇನೋ ಅಂತ ದೀಪ ಹಿಡಿದು ಒಂದೊಂದು ಎಳೆ ನೋಡಿದ. ಅವನು ಬಗ್ಗಿ ಬಗ್ಗಿ ಸುಸ್ತಾದದ್ದು ನೋಡಿ ತಾರಾ, "ಕೂತ್ಕೊಂಡೇ ನೋಡಪ್ಪ, ಅದಕ್ಕೇ ಮಾಡಿರೋದು" ಅಂದಳು. ಅವನು ನಕ್ಕು ನಿಜವಾಗಿಯೂ ಕೂತುಬಿಟ್ಟ.

ಅವರ ಊರು ತಲುಪಿದೆವು. ರಸ್ತೆಯ ಎರಡೂ ಕಡೆ ಒದ್ದೆ ಹಾಸಿಗೆ, ಫ್ರಿಜ್ಜು, ಮಕ್ಕಳ ಆಟದ ಸಾಮಾನು ಬೆಟ್ಟದ ಹಾಗೆ ಬಿದ್ದಿತ್ತು. ಕೆಸರಿನ ಕೆಟ್ಟ ವಾಸನೆ. ಚಂಡಮಾರುತ ನಮ್ಮ ಮನೆ ಹಾರಿಸಿಕೊಂಡು ಹೋಗಿತ್ತು. ಇಲ್ಲಿ ಮನೆ ಇತ್ತು, ಒಳಗಿನದೆಲ್ಲ ಕೊಳೆಯುತ್ತಿತ್ತು. ಯಾವುದು ಹೆಚ್ಚು ಕೆಟ್ಟದ್ದು ಅಂತ ನಮ್ಮ ಹೆಂಗಸರು ಮೆಲ್ಲಗೆ ಚರ್ಚೆ ಮಾಡಿದರು.

ಮೊದಲ ಎರಡು ದಿನ ನಾವು ಮನೆಮನೆಗೆ ಹೋಗಿ ಕೇಳಿದೆವು, ಏನಾದರೂ ಕೆಲಸ ಇದೆಯಾ ಅಂತ. ಎಲ್ಲರದೂ ಒಂದೇ ಉತ್ತರ. "ಥ್ಯಾಂಕ್ಸ್, ನಾವು ಆರಾಮಾಗಿದ್ದೀವಿ. ಪಕ್ಕದ ಮನೆಯವರಿಗೆ ತುಂಬಾ ಕಷ್ಟ, ಅಲ್ಲಿ ಕೇಳಿ." ಪಕ್ಕದ ಮನೆಗೆ ಹೋದರೆ ಅವರು ಅದರ ಪಕ್ಕದ ಮನೆ ತೋರಿಸುತ್ತಿದ್ದರು. ರಸ್ತೆಯ ತುದಿಯ ಮನೆಯಲ್ಲಿ ಕ್ಲ್ಯಾರಿ ಅನ್ನುವ ಮುದುಕ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯೊಳಗೆ ಮಲಗಲು ಮನಸ್ಸಾಗದೆ ಜಗಲಿಯ ಮೇಲೆ ಒಂದು ಕುರ್ಚಿಯಲ್ಲೇ ದಿನ ಕಳೆಯುತ್ತಿದ್ದ. ಅವನೂ ಕೈಯಾಡಿಸಿ, "ನನಗೇನೂ ಬೇಡ" ಅಂದ.

ತಾರಾ ರಸ್ತೆಯ ಅಂಚಿನಲ್ಲಿ ಕೂತು ನಗಲು ಶುರುಮಾಡಿದಳು. "ಅಪಿ, ನಮ್ಮೂರಿನವರಿಗೆ ಬೇಡ ಅನ್ನಕ್ಕೆ ಬರಲ್ಲ. ಇವರಿಗೆ ಬೇಕು ಅನ್ನಕ್ಕೆ ಬರಲ್ಲ. ಪಾಪ ರೊಸಾ, ನಮ್ಮಲ್ಲಿ ಎಷ್ಟು ಒದ್ದಾಡಿರಬೇಕು!"

ಮಾರನೆಯ ದಿನ ಅವಳು ಕ್ಲ್ಯಾರಿಯ ಗೇಟಿನ ಹತ್ತಿರ ನಿಂತಳು. ಸಹಾಯ ಬೇಕಾ ಅಂತ ಕೇಳಲಿಲ್ಲ. "ಅಣ್ಣಾ, ನಮಗೆ ನಿಮ್ಮಿಂದ ಒಂದು ಉಪಕಾರ ಆಗಬೇಕಿತ್ತು" ಅಂದಳು.

ಮುದುಕ ಕುರ್ಚಿಯಿಂದ ಅರ್ಧ ಎದ್ದ. "ಏನು?"

"ನಾವು ಅಡುಗೆ ಮಾಡಬೇಕು. ನೆಲದಲ್ಲಿ ಕುಳಿ ತೋಡಿ, ಕಲ್ಲು ಕಾಯಿಸಿ ಮಾಡೋ ಅಡುಗೆ, ಲೋವೊ ಅಂತೀವಿ. ಜಾಗ ಇಲ್ಲ. ನಿಮ್ಮ ಹಿತ್ತಲು ಕೊಡ್ತೀರಾ? ಕಲ್ಲೂ ಬೇಕು. ಹೊಳೆ ಹತ್ರ ಸಿಗತ್ತೇನೋ ಅಂತ..."

"ಹೊಳೆ ಕಲ್ಲು ಮುಟ್ಟಬೇಡಿ!" ಕ್ಲ್ಯಾರಿ ಗದರಿದ. "ನೀರು ಕುಡಿದಿರತ್ತೆ, ಬೆಂಕಿಗೆ ಸಿಡಿದು ಕಣ್ಣು ಹೋಗತ್ತೆ."

ನಾವು ಹುಟ್ಟಿದಾಗಿನಿಂದ ಲೋವೊ ಮಾಡಿದವರು, ನಮಗೆ ಗೊತ್ತಿಲ್ಲವೇ ಅನ್ನಲು ನಾನು ಬಾಯಿ ತೆರೆದೆ. ತಾರಾ ನನ್ನ ಕಾಲು ತುಳಿದಳು. ಜೋರಾಗಿಯೇ.

"ಹೌದಾ ಅಣ್ಣಾ? ಮತ್ತೆ ಯಾವುದು ಆಗತ್ತೆ?"

ಅವನು ಮೆಟ್ಟಿಲು ಇಳಿದು ಬಂದ. ಕೊಟ್ಟಿಗೆಯ ಅಟ್ಟದ ಮೇಲೆ, ನೀರು ತಲುಪದ ಕಡೆ, ಹಳೆಯ ಚಿಮಣಿಯ ಇಟ್ಟಿಗೆ ಇದ್ದವು. ಅವನ್ನು ಒಂದೊಂದಾಗಿ ಕೆಳಗೆ ಕೊಟ್ಟ. ಆಮೇಲೆ ಸೌದೆ ತೋರಿಸಿದ. ಆಮೇಲೆ ನಾನು ಗುದ್ದಲಿ ಹಿಡಿಯುವ ರೀತಿ ಸರಿ ಇಲ್ಲ ಅಂತ ಬೈದು ತಾನೇ ಕುಳಿ ತೋಡತೊಡಗಿದ. ಅಷ್ಟರಲ್ಲಿ ಟೆಸ್ಸಾ, ನಮ್ಮೂರಿಗೆ ಬಂದು ಹೋದ ಇನ್ನೂ ಕೆಲವು ಹುಡುಗರು, ಕೋಳಿ, ಗೆಣಸು, ಕುಂಬಳಕಾಯಿ ಹೊತ್ತು ಬಂದರು. ಬಾಳೆ ಎಲೆ ಸಿಗಲಿಲ್ಲ, ಕೋಸಿನ ಎಲೆ ಹಾಕಿದೆವು. ಮಣ್ಣು ಮುಚ್ಚಿ ಕಾಯುತ್ತಿದ್ದಾಗ, ಹಿತ್ತಲಲ್ಲಿ ಹೊಗೆ ಯಾಕೆ ಅಂತ ಪಕ್ಕದ ಮನೆಯವರು ಬೇಲಿಯ ಮೇಲಿಂದ ಇಣುಕಿದರು. ಕ್ಲ್ಯಾರಿ ಅವರಿಗೆ ಕೂಗಿದ, "ಬನ್ರೀ, ನನಗೆ ಒಬ್ಬನಿಗೇ ಇದು ಆಗಲ್ಲ." ಅವರ ಜೊತೆ ಅವನು ಅಷ್ಟು ವರ್ಷದಲ್ಲಿ ಮಾತಾಡಿದ್ದೇ ಅಪರೂಪವಂತೆ, ಆಮೇಲೆ ರೊಸಲಿಂಡ್ ಹೇಳಿದರು.

ಸಂಜೆಯ ಹೊತ್ತಿಗೆ ಇಡೀ ರಸ್ತೆಯೇ ಆ ಹಿತ್ತಲಲ್ಲಿತ್ತು. ನಮ್ಮ ಚಾಪೆಗಳನ್ನು ಹುಲ್ಲಿನ ಮೇಲೆ ಹಾಸಿದ್ದೆವು. ಜನ ತಿನ್ನುತ್ತಾ ತಿನ್ನುತ್ತಾ ಮಾತಿಗೆ ಇಳಿದರು. ಒಬ್ಬಳು ತನ್ನ ಮಗಳ ಮದುವೆಯ ಉಡುಪು ಕೆಸರಲ್ಲಿ ಹೋಯಿತು ಅಂತ ಹೇಳಿ ತಾರಾಳ ಹೆಗಲಿಗೆ ಒರಗಿ ಅತ್ತಳು. ಮೊದಲ ದಿನ ‘ಆರಾಮಾಗಿದ್ದೀವಿ’ ಅಂದವಳೇ ಅವಳು. ರಸ್ತೆ ಬದಿಯ ರಾಶಿಯಿಂದ ಆ ಉಡುಪು ಹುಡುಕಿ ತೆಗೆದು ನಮ್ಮ ಹೆಂಗಸರು ಮೂರು ದಿನ ನೆನೆಸಿ ತೊಳೆದರು. ಪೂರ್ತಿ ಬಿಳುಪಾಗಲಿಲ್ಲ. ಆದರೂ ಅವಳು ಅದನ್ನು ತಗೊಂಡು ಎದೆಗೆ ಒತ್ತಿಕೊಂಡಳು. ಅದಾದ ಮೇಲೆ ನಾವು ಮನೆಮನೆಗೆ ಹೋಗಿ ಕೇಳಬೇಕಾಗಲಿಲ್ಲ. ಅವರೇ ಬಂದು ಕರೆದರು, ಗೋಡೆ ಕೆರೆಯಲು, ನೆಲ ತೊಳೆಯಲು, ಸುಮ್ಮನೆ ಕೂತು ಚಹಾ ಕುಡಿಯಲು.

ಕ್ಲ್ಯಾರಿಯ ಮನೆಯ ನೆಲವನ್ನು ನಾನು ಮತ್ತು ಅವನು ಸೇರಿ ಉಜ್ಜಿದೆವು. ಬರೀ ಹಲಗೆ ಉಳಿಯಿತು. ತಾರಾ ತಾನು ಹೆಣೆದದ್ದರಲ್ಲೆಲ್ಲ ದೊಡ್ಡದನ್ನು, ಅಂಚಿಗೆ ಬಣ್ಣದ ಉಣ್ಣೆ ಕಟ್ಟಿದ್ದನ್ನು, ಅವನ ಮಲಗುವ ಕೋಣೆಯಲ್ಲಿ ಹಾಸಿದಳು. ಅವನು ಬಾಗಿಲಲ್ಲೇ ನಿಂತ. ಬೂಟು ನೋಡಿಕೊಂಡ. ಆಮೇಲೆ ನಿಧಾನವಾಗಿ ಬಗ್ಗಿ ಬೂಟು ಬಿಚ್ಚಿ, ಕಾಲುಚೀಲವನ್ನೂ ತೆಗೆದು, ಬರಿಗಾಲಲ್ಲಿ ಅದರ ಮೇಲೆ ನಿಂತ. ಪ್ರವಾಹ ಬಂದ ಮೇಲೆ ಅವನು ಮನೆಯೊಳಗೆ ಮಲಗಿದ್ದು ಅಂದೇ ಮೊದಲು.

"ಇದಕ್ಕೆ ನಾನು ಏನು ಕೊಡಲಿ?" ಅಂತ ಅವನು ಮರುದಿನ ಕೇಳಿದ.

"ಏನೂ ಬೇಡ ಅಣ್ಣಾ. ಒಂದ್ಸಲ ನಮ್ಮನೆಗೆ ಬನ್ನಿ. ಇವನ ದೋಣಿ ಇದೆ, ಮುಳುಗಲ್ಲ ಅಂತ ಇವನೇ ಹೇಳ್ತಾನೆ."

ಅವನು ಬಂದ, ಮರುವರ್ಷ ಹುಡುಗರ ಜೊತೆಯಲ್ಲಿ. ಹದಿನೈದು ದಿನ ರಾತು ಎಪೆಲಿ ಅವರ ಪಕ್ಕದಲ್ಲಿ ಕೂತು, ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ, ದಿನವಿಡೀ ಹರಟಿದ.

ಈಗ ಸುತ್ತಲಿನ ದ್ವೀಪಗಳಿಗೂ ಇಂಥ ಕಾಲೇಜು ಹುಡುಗರು ಬರುತ್ತಾರೆ. ಹೋದ ತಿಂಗಳು ನಮ್ಮ ರಾಜಧಾನಿ ಸುವಾದಲ್ಲಿ ಆ ಊರುಗಳ ಹೆಂಗಸರೆಲ್ಲ ಸೇರಿ ತಾರಾಳನ್ನು ಮಾತಾಡಲು ಕರೆದಿದ್ದರು. ಒಬ್ಬಳು ಎದ್ದು ಕೇಳಿದಳಂತೆ, "ಅಕ್ಕಾ, ನಾವು ಬೇಡ ಅಂದ್ರೆ ಅವರು ಮತ್ತೆ ಬರದೇ ಹೋದ್ರೆ?"

"ಬರದೇ ಹೋದ್ರೆ ಅವರು ಬಂದಿದ್ದು ನಿಮಗೋಸ್ಕರ ಅಲ್ಲ ಅಂತ ಗೊತ್ತಾಗತ್ತಲ್ಲ" ಅಂದಳಂತೆ ಇವಳು. "ಆದರೆ ಕೋಪ ಮಾಡ್ಕೊಂಡು ಕಳಿಸಬೇಡಿ. ಚೆನ್ನಾಗಿ ಊಟ ಹಾಕಿ ಕಳ್ಸಿ. ಒಳ್ಳೆಯವರು ವಾಪಸ್ ಬರ್ತಾರೆ. ಅದಕ್ಕೆ ಒಂದು ವರ್ಷ ಹಿಡಿಯಬಹುದು."

ಬರುವ ತಿಂಗಳು ಮತ್ತೆ ನಮ್ಮ ಸರದಿ. ತಾರಾ ಈ ಸಲ ಹೋಗುತ್ತಿಲ್ಲ. ಮಂಡಿ ನೋವು ಅನ್ನುತ್ತಾಳೆ. ಬೇರೆಯವರೂ ಹೋಗಲಿ ಅನ್ನುವುದೇ ನಿಜವಾದ ಕಾರಣ ಅಂತ ನನ್ನ ಅನುಮಾನ. ತನ್ನ ಸೊಸೆ ಸಿಸಿಲಿಯಾಳನ್ನು ಕಳಿಸುತ್ತಿದ್ದಾಳೆ. ಆ ಹುಡುಗಿ ಪೇಟೆ ದಾಟಿ ಹೋದವಳಲ್ಲ. ನಿನ್ನೆ ಚಪ್ಪರದಲ್ಲಿ ಹೆಣೆಯುತ್ತಾ ಕೂತು ಅತ್ತೆಯನ್ನು ಕೇಳುತ್ತಿದ್ದಳು, "ಅಲ್ಲಿ ಹೋಗಿ ನಾನು ಮೊದಲು ಏನು ಮಾಡಬೇಕು?"

"ಅವರು ಏನು ಕೊಟ್ರೂ ತಿನ್ನು" ಅಂದಳು ತಾರಾ. "ಒಂದು ಕರೀ ಅಂಟು ಕೊಡ್ತಾರೆ ಬ್ರೆಡ್ಡಿಗೆ ಸವರಿ, ತುಂಬಾ ಉಪ್ಪು. ಅದನ್ನೂ ತಿನ್ನು. ಆಮೇಲೆ ಅವರ ಹಿತ್ತಲಲ್ಲಿ ಹೋಗಿ ಕೂತ್ಕೋ. ಮಿಕ್ಕಿದ್ದು ತಾನಾಗಿ ಬರತ್ತೆ."